ಡೆಸ್ಕ್‌ಟಾಪ್ ಆ್ಯಪ್‌ಗೆ ಫುಲ್‌ಸ್ಕ್ರೀನ್ ಹಾಕೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಕ್ಕಮಗಳೂರಿನಲ್ಲಿ ಕೂತು ಸಣ್ಣ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಹೆಚ್ಚಿನವರು ಕಾಫಿ ವ್ಯಾಪಾರದವರು. ಬೆಳೆಗಾರರು ಮೂಟೆ ತರುತ್ತಾರೆ, ತೂಕ ಆಗುತ್ತದೆ, ಸ್ಯಾಂಪಲ್ ತೆಗೆದು ಔಟ್‌ಟರ್ನ್ (ಸಿಪ್ಪೆ ತೆಗೆದರೆ ಎಷ್ಟು ಬೀಜ ಸಿಗುತ್ತದೆ ಅಂತ) ನೋಡುತ್ತಾರೆ, ಮಾಯಿಶ್ಚರ್ ನೋಡುತ್ತಾರೆ, ಬಿಲ್ ಆಗುತ್ತದೆ. ಆಲ್ದೂರಿನ ಒಂದು ಅಂಗಡಿಯ ಸಾಹುಕಾರರು ಒಂದು ದಿನ ಹೇಳಿದರು: "ತೂಕ ಎಷ್ಟು ಬಂತು ಅಂತ ಮೂಟೆ ಪಕ್ಕ ನಿಂತವರಿಗೂ ಕಾಣಬೇಕು. ಗೋಡೆಗೆ ಟಿವಿ ಹಾಕಿಸಿದ್ದೀನಿ. ಅದರ ತುಂಬಾ ಬರೋ ಹಾಗೆ ಮಾಡಿಕೊಡಿ." ಅರ್ಧ ಗಂಟೆ ಕೆಲಸ ಅಂದುಕೊಂಡೆ. ಆ ಅರ್ಧ ಗಂಟೆ ಇಡೀ ಸೀಸನ್ ಎಳೆಯಿತು.

ಆಮೇಲೆ ಹಾಸನ, ಮೂಡಿಗೆರೆ, ಕೊಪ್ಪದ ಕಡೆ ಇದೇ ಕೆಲಸ ಮಾಡುವ ಹುಡುಗರು ಫೋನ್ ಮಾಡಿ ಕೇಳಿದ್ದನ್ನೇ ಕೇಳತೊಡಗಿದರು. ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಎಲ್ಲ ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

ಮ್ಯಾಕ್ಸಿಮೈಸ್ ಮಾಡಿದರೆ ಆಯ್ತಲ್ವಾ, ಫುಲ್‌ಸ್ಕ್ರೀನ್ ಬೇರೆ ಯಾಕೆ?

ಎರಡೂ ಬೇರೆ. ಮ್ಯಾಕ್ಸಿಮೈಸ್ ಮಾಡಿದಾಗ ಮೇಲೆ ಟೈಟಲ್ ಬಾರ್ ಇರುತ್ತದೆ, ಕೆಳಗೆ ಟಾಸ್ಕ್‌ಬಾರ್ ಇರುತ್ತದೆ, ನಡುವೆ ಉಳಿದ ಜಾಗ ಮಾತ್ರ ನಿಮ್ಮದು. ಫುಲ್‌ಸ್ಕ್ರೀನ್‌ನಲ್ಲಿ ಆ ಅಂಚಿಂದ ಈ ಅಂಚಿನ ತನಕ ನಿಮ್ಮ ಆ್ಯಪೇ. 1366 ಬೈ 768ರ ಹಳೇ ಮಾನಿಟರ್‌ನಲ್ಲಿ ಎತ್ತರ ಇರುವುದೇ 768 ಪಿಕ್ಸೆಲ್. ವಿಂಡೋಸ್ 10ರ ಟಾಸ್ಕ್‌ಬಾರ್ ಅದರಲ್ಲಿ 40 ತಿನ್ನುತ್ತದೆ, ಟೈಟಲ್ ಬಾರ್ ಇನ್ನೊಂದಿಷ್ಟು. ಬಿಲ್‌ನಲ್ಲಿ ಎರಡು ಸಾಲು ಜಾಸ್ತಿ ಕಾಣುತ್ತದೆ ಅಂದರೆ ಅದೇನು ಕಮ್ಮಿ ಲಾಭ ಅಲ್ಲ.

ಅಂಗಡಿಯವರಿಗೆ ಇನ್ನೊಂದು ಕಾರಣ ಇದೆ. ಟಾಸ್ಕ್‌ಬಾರ್‌ನಲ್ಲಿ ತೆರೆದಿಟ್ಟ ಫೈಲ್‌ಗಳ ಹೆಸರೆಲ್ಲ ಕಾಣಬಹುದು. ಒಬ್ಬ ಗೌಡರ ಮೂಟೆ ತೂಗುವಾಗ ಇನ್ನೊಬ್ಬ ಗೌಡರ ಹೆಸರಿನ ಬಾಕಿ ಪಟ್ಟಿ ಟಿವಿಯಲ್ಲಿ ಕಂಡರೆ ಊರಿಡೀ ಮಾತಾಗುತ್ತದೆ.

ಯಾವ ಕೀ ಇಡೋದು?

ವಿಂಡೋಸ್, ಲಿನಕ್ಸ್‌ನಲ್ಲಿ ಎಫ್ 11. ಬ್ರೌಸರ್‌ಗಳಿಂದ ಎಲ್ಲರಿಗೂ ಅಭ್ಯಾಸ ಆಗಿಹೋಗಿದೆ. ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಎಫ್ ಮೂರೂ ಒಟ್ಟಿಗೆ. ಹೊಸದೇನಾದರೂ ಕಂಡುಹಿಡಿಯಲು ಹೋಗಬೇಡಿ.

ಕ್ಯೂಟಿಯಲ್ಲಿ (Qt, ವಿಂಡೋ, ಬಟನ್ ಎಲ್ಲ ಕಟ್ಟಲು ಸಿಗುವ ಒಂದು ಟೂಲ್‌ಕಿಟ್) ಬರೆಯುತ್ತಿದ್ದರೆ ಎಫ್ 11 ಅಂತ ನೀವೇ ಬರೆಯುವ ಬದಲು ಕ್ಯೂಕೀಸೀಕ್ವೆನ್ಸ್‌ನ ಫುಲ್‌ಸ್ಕ್ರೀನ್ ಅನ್ನುವ ಸಿದ್ಧ ಶಾರ್ಟ್‌ಕಟ್ ಬಳಸಿ. ಯಾವ ಕಂಪ್ಯೂಟರ್‌ನಲ್ಲಿ ಓಡುತ್ತಿದೆಯೋ ಅಲ್ಲಿನ ರೂಢಿಯ ಕೀ ಅದೇ ಹಾಕಿಕೊಳ್ಳುತ್ತದೆ. ವೆಬ್ ಪೇಜ್ ಬರೆಯುವ ಹಾಗೆಯೇ ಆ್ಯಪ್ ಬರೆಯಲು ಬಿಡುವ ಎಲೆಕ್ಟ್ರಾನ್‌ನಲ್ಲಾದರೆ ಮೆನು ಐಟಂಗೆ ಟಾಗಲ್‌ಫುಲ್‌ಸ್ಕ್ರೀನ್ ಅನ್ನುವ ರೋಲ್ ಕೊಟ್ಟರೆ ಕೀ ಸಮೇತ ಬರುತ್ತದೆ.

ಆದರೆ ಕೀ ಒಂದನ್ನೇ ನಂಬಬೇಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೇಲಿನ ಸಾಲಿನ ಕೀಗಳು ವಾಲ್ಯೂಮ್, ಬ್ರೈಟ್‌ನೆಸ್‌ಗೆ ಹೋಗಿಬಿಟ್ಟಿರುತ್ತವೆ, ಎಫ್‌ಎನ್ ಹಿಡಿದು ಒತ್ತಿದರೆ ಮಾತ್ರ ಎಫ್ 11 ಆಗುತ್ತದೆ. "ಒತ್ತಿದ್ರೆ ಏನೂ ಆಗ್ತಿಲ್ಲ ಸಾರ್" ಅನ್ನುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಇದೇ. ಮೌಸ್‌ನಲ್ಲಿ ಒತ್ತುವ ಒಂದು ಬಟನ್ ಇರಲೇಬೇಕು.

ಕೋಡ್ ಎಷ್ಟು ಸಾಲು ಆಗುತ್ತೆ?

ಒಳಗೆ ಹೋಗೋದು ಒಂದೇ ಸಾಲು. ಹೊರಗೆ ಬರೋದರಲ್ಲೇ ಎಲ್ಲ ಇರುವುದು. ಯಾವ ಟೂಲ್‌ಕಿಟ್‌ನಲ್ಲಿ ಬರೆಯುತ್ತೀರಿ ಅನ್ನುವುದರ ಮೇಲೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ, ಕೆಳಗೆ ಬರುವ ಹೆಸರುಗಳೆಲ್ಲ ಅಂಥವೇ. (ಇಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಕೋಡ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.)

ಕ್ಯೂಟಿಯಲ್ಲಿ ಶೋಫುಲ್‌ಸ್ಕ್ರೀನ್ ಅಂದರೆ ಒಳಗೆ, ಶೋನಾರ್ಮಲ್ ಅಂದರೆ ಹೊರಗೆ. ಆದರೆ ಶೋನಾರ್ಮಲ್ ಬಳಸಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಟಿಕೆಇಂಟರ್‌ನಲ್ಲಿ ರೂಟ್‌ನ ಆಟ್ರಿಬ್ಯೂಟ್ಸ್‌ಗೆ ಮೈನಸ್ ಫುಲ್‌ಸ್ಕ್ರೀನ್ ಅಂತ ಕೊಟ್ಟು ಟ್ರೂ ಮಾಡಿದರೆ ಆಯಿತು. ಓವರ್‌ರೀಡೈರೆಕ್ಟ್ ಅಂತ ಒಂದು ಇದೆ, ಹಳೇ ವಿಡಿಯೋಗಳಲ್ಲಿ ಅದನ್ನೇ ತೋರಿಸುತ್ತಾರೆ. ಅದು ವಿಂಡೋವನ್ನು ವಿಂಡೋ ಮ್ಯಾನೇಜರ್ (ಎಲ್ಲ ವಿಂಡೋಗಳನ್ನು ನೋಡಿಕೊಳ್ಳುವ ಸಿಸ್ಟಂನ ಭಾಗ) ಕೈಯಿಂದಲೇ ತಪ್ಪಿಸಿಬಿಡುತ್ತದೆ. ಟಾಸ್ಕ್‌ಬಾರ್‌ನಲ್ಲಿ ಹೆಸರಿರಲ್ಲ, ಲಿನಕ್ಸ್‌ನಲ್ಲಿ ಕೆಲವು ಸಲ ಕೀಬೋರ್ಡ್ ಕೂಡ ಸಿಗಲ್ಲ. ಅದರ ಸಹವಾಸ ಬೇಡ.

ಎಲೆಕ್ಟ್ರಾನ್‌ನಲ್ಲಿ ಸೆಟ್‌ಫುಲ್‌ಸ್ಕ್ರೀನ್‌ಗೆ ಟ್ರೂ ಅಥವಾ ಫಾಲ್ಸ್ ಕೊಡಬೇಕು. ಈಗ ಏನಿದೆ ಅಂತ ತಿಳಿಯಲು ಈಸ್‌ಫುಲ್‌ಸ್ಕ್ರೀನ್. ಜಾವಾಎಫ್ಎಕ್ಸ್‌ನಲ್ಲೂ ಸ್ಟೇಜ್‌ಗೆ ಸೆಟ್‌ಫುಲ್‌ಸ್ಕ್ರೀನ್ ಇದೆ. ಅದು ತಾನಾಗಿಯೇ "ಹೊರಬರಲು ಎಸ್ಕೇಪ್ ಒತ್ತಿ" ಅನ್ನುವ ಅರ್ಥದ ಒಂದು ಸೂಚನೆಯನ್ನೂ ತೋರಿಸುತ್ತದೆ, ಆ ಮಾತನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು. ಹಳೇ ಸ್ವಿಂಗ್ ಸ್ವಲ್ಪ ಕಿರಿಕಿರಿ. ವಿಂಡೋ ಒಂದು ಸಲ ತೆರೆದ ಮೇಲೆ ಅದರ ಅಂಚು ತೆಗೆಯಲು ಬಿಡಲ್ಲ, ಎರರ್ ಕೊಡುತ್ತದೆ. ಮೊದಲು ಡಿಸ್ಪೋಸ್ ಮಾಡಿ, ಅಂಚು ತೆಗೆದು, ಮತ್ತೆ ತೋರಿಸಬೇಕು. ಜಿಟಿಕೆಯಲ್ಲಿ ಫುಲ್‌ಸ್ಕ್ರೀನ್, ಅನ್‌ಫುಲ್‌ಸ್ಕ್ರೀನ್ ಅಂತ ನೇರವಾಗಿ ಎರಡು ಇವೆ.

ವಿನ್‌ಫಾರ್ಮ್ಸ್‌ನಲ್ಲಿ ಫುಲ್‌ಸ್ಕ್ರೀನ್ ಅಂತ ಒಂದು ಪ್ರಾಪರ್ಟಿಯೇ ಇಲ್ಲ. ಅಂಚು ತೆಗೆದು ಮ್ಯಾಕ್ಸಿಮೈಸ್ ಮಾಡಿದರೆ ಅದೇ ಫುಲ್‌ಸ್ಕ್ರೀನ್. ಅಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ಕಾಲಿಡಿ. ಅದು ಮುಂದಿನ ಪ್ರಶ್ನೆ.

ಎಲ್ಲ ಸರಿಯಾಗಿ ಬರೆದಿದ್ದೀನಿ, ಆದ್ರೂ ಟಾಸ್ಕ್‌ಬಾರ್ ಹೋಗ್ತಿಲ್ಲ!

ವಿಂಡೋ ಮೊದಲೇ ಮ್ಯಾಕ್ಸಿಮೈಸ್ ಆಗಿತ್ತಾ? ಹಾಗಾದರೆ ಅದೇ ಕಾರಣ. ಮ್ಯಾಕ್ಸಿಮೈಸ್ ಆಗಿರುವ ವಿಂಡೋದ ಅಂಚು ತೆಗೆದರೆ ಅಳತೆ ಹಳೆಯದೇ ಉಳಿಯುತ್ತದೆ, ಅಂದರೆ ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗ. ಮೊದಲು ನಾರ್ಮಲ್ ಮಾಡಿ. ಆಮೇಲೆ ಅಂಚು ತೆಗೆಯಿರಿ. ಕೊನೆಗೆ ಮ್ಯಾಕ್ಸಿಮೈಸ್ ಮಾಡಿ. ಈ ಕ್ರಮ ತಪ್ಪಿಸಬೇಡಿ. ಡಬ್ಲ್ಯೂಪಿಎಫ್‌ನಲ್ಲೂ ಇದೇ ಕತೆ.

ಒಳಗೆ ಹೋಯ್ತು, ವಾಪಸ್ ಬರ್ತಾನೇ ಇಲ್ಲ. ಏನ್ ಮಾಡ್ಲಿ?

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನನ್ನ ಮರ್ಯಾದೆ ಹೋದ ಕತೆ ಕೇಳಿ.

ರೋಬಸ್ಟಾ ಕೊಯ್ಲು ಜೋರಾಗಿದ್ದ ಸಮಯ. ನಾನು ಆ ಅಂಗಡಿಯ ಆ್ಯಪ್ ಅನ್ನು ಪೈಥಾನ್, ಕ್ಯೂಟಿಯಲ್ಲಿ ಬರೆದಿದ್ದೆ. ಫುಲ್‌ಸ್ಕ್ರೀನ್‌ಗೆ ಹೋದಾಗ ಮೇಲಿನ ಮೆನು ಬಾರ್ ಕೂಡ ಮಾಯ ಆಗಲಿ, ಚೆಂದ ಕಾಣುತ್ತದೆ ಅಂತ ಅದನ್ನೂ ಹೈಡ್ ಮಾಡಿದ್ದೆ. ಎಫ್ 11 ಇದ್ದದ್ದು ಮೆನುವಿನ ಒಳಗಿನ ಆ್ಯಕ್ಷನ್‌ಗೆ. ನನಗೆ ಗೊತ್ತಿಲ್ಲದ ವಿಷಯ ಏನು ಅಂದರೆ, ಕ್ಯೂಟಿಯಲ್ಲಿ ಮೆನು ಬಾರ್ ಮರೆಯಾದರೆ ಅದರಲ್ಲಿ ಮಾತ್ರ ಇರುವ ಶಾರ್ಟ್‌ಕಟ್‌ಗಳೂ ಸತ್ತುಹೋಗುತ್ತವೆ. ಬಾಗಿಲು ಮುಚ್ಚಿದ ಕೂಡಲೇ ಒಳಗಿನ ಚಿಲಕವೂ ಕಳಚಿ ಬಿದ್ದ ಹಾಗೆ.

ನನ್ನ ಮನೆಯಲ್ಲಿ ಟೆಸ್ಟ್ ಮಾಡಿದ್ದೆನಾ? ಮಾಡಿದ್ದೆ. ಎಫ್ 11 ಒತ್ತಿದೆ, ಚೆಂದ ಬಂತು, ಆಲ್ಟ್ ಎಫ್ 4 ಒತ್ತಿ ಮುಚ್ಚಿ ಮಲಗಿದೆ.

ಮರುದಿನ ಬೆಳಿಗ್ಗೆ ತೂಕ ಬರೆಯುವ ಹುಡುಗನ ಫೋನ್. "ಸಾರ್, ದೊಡ್ಡದಾಗಿದೆ. ಚಿಕ್ಕದಾಗ್ತಿಲ್ಲ." ಎಫ್ 11 ಒತ್ತಪ್ಪ ಅಂದೆ. "ಒತ್ತಿದೆ ಸಾರ್. ಹತ್ತು ಸಲ ಒತ್ತಿದೆ." ಹಿಂದಿನಿಂದ ಪಿಕಪ್ ಗಾಡಿಯ ಹಾರ್ನ್ ಕೇಳುತ್ತಿತ್ತು. ಆಲ್ಟ್ ಟ್ಯಾಬ್ ಒತ್ತು ಅಂತ ಹೇಳುವಷ್ಟರಲ್ಲಿ ಯಾರೋ ಸಿಪಿಯು ಬಟನ್ ಒತ್ತಿ ಹಿಡಿದು ಆಫ್ ಮಾಡಿಬಿಟ್ಟಿದ್ದರು. ಅರ್ಧ ಬರೆದಿದ್ದ 14 ಮೂಟೆಯ ತೂಕ ಹೋಯಿತು. ನಾನು ಬೈಕ್ ಹತ್ತಿ ಹೋಗಿ ನೋಡಿದರೆ ಮೂಟೆಗಳನ್ನು ಮತ್ತೆ ತಕ್ಕಡಿಗೆ ಎತ್ತಿಡುತ್ತಿದ್ದರು. ಸಾಹುಕಾರರು ಒಂದು ಮಾತೂ ಬೈಯಲಿಲ್ಲ. "ಬನ್ನಿ, ಮೊದಲು ಕಾಫಿ ಕುಡೀರಿ" ಅಂದರು. ಬೈದಿದ್ದರೇ ವಾಸಿ ಇತ್ತು.

ಸರಿ ಮಾಡುವುದು ಸುಲಭ. ಆ ಆ್ಯಕ್ಷನ್ ಅನ್ನು ಮೆನುವಿಗೆ ಸೇರಿಸಿದ ಹಾಗೆ ಮೇನ್ ವಿಂಡೋಗೂ ಆ್ಯಡ್‌ಆ್ಯಕ್ಷನ್ ಮಾಡಿ ಸೇರಿಸಿ. ಆಗ ಮೆನು ಇರಲಿ ಬಿಡಲಿ ಕೀ ಕೆಲಸ ಮಾಡುತ್ತದೆ. ಆದರೆ ನಾನು ಅಷ್ಟಕ್ಕೇ ಬಿಡಲಿಲ್ಲ. ಈಗ ನನ್ನ ಎಲ್ಲ ಆ್ಯಪ್‌ಗಳಲ್ಲಿ ಹೊರಬರಲು ಮೂರು ದಾರಿ ಇವೆ: ಎಫ್ 11, ಎಸ್ಕೇಪ್, ಮತ್ತೆ ಮೌಸ್ ಅಲ್ಲಾಡಿಸಿದರೆ ಮೇಲಿನ ಬಲ ಮೂಲೆಯಲ್ಲಿ ಕಾಣಿಸಿಕೊಳ್ಳುವ ಒಂದು ಬಟನ್. ಮೂರು ಸೆಕೆಂಡ್ ಮೌಸ್ ಸುಮ್ಮನಿದ್ದರೆ ಬಟನ್ ಮರೆಯಾಗುತ್ತದೆ, ಮೌಸ್ ಬಾಣವೂ ಮರೆಯಾಗುತ್ತದೆ.

ಈಗಲೇ ಸಿಕ್ಕಿಹಾಕಿಕೊಂಡು ಕೂತಿದ್ದೀರಾದರೆ: ಆಲ್ಟ್ ಟ್ಯಾಬ್ ಒತ್ತಿ ಬೇರೆ ವಿಂಡೋಗೆ ಹೋಗಿ, ಅಥವಾ ವಿಂಡೋಸ್ ಕೀ ಒತ್ತಿದರೆ ಟಾಸ್ಕ್‌ಬಾರ್ ಬರುತ್ತದೆ. ಸಿಪಿಯು ಬಟನ್ ಹತ್ತಿರ ಯಾರನ್ನೂ ಬಿಡಬೇಡಿ.

ಎಸ್ಕೇಪ್ ಕೀಯನ್ನೂ ಟಾಗಲ್ (ಒಮ್ಮೆ ಒತ್ತಿದರೆ ಒಳಗೆ, ಮತ್ತೆ ಒತ್ತಿದರೆ ಹೊರಗೆ) ಮಾಡಿಬಿಡಲಾ?

ಬೇಡ. ಎಸ್ಕೇಪ್ ಹೊರಗೆ ಬರೋಕೆ ಮಾತ್ರ, ಒಳಗೆ ಹೋಗೋಕೆ ಅಲ್ಲ.

ಅದರಲ್ಲೂ ಒಂದು ತೊಡಕಿದೆ. ಬಿಲ್ ಬರೆಯುವವರು ತಪ್ಪು ಸಂಖ್ಯೆ ಹೊಡೆದಾಗ ಎಸ್ಕೇಪ್ ಒತ್ತಿ ಅಳಿಸುತ್ತಾರೆ, ಅದು ಕೈಗೆ ಬಂದ ಅಭ್ಯಾಸ. ಒಂದು ಒತ್ತಿಗೆ ಸಂಖ್ಯೆಯೂ ಹೋಗಿ ಫುಲ್‌ಸ್ಕ್ರೀನೂ ಹೋದರೆ ಟಿವಿ ನೋಡುತ್ತಿದ್ದವರು ಬೆಚ್ಚಿಬೀಳುತ್ತಾರೆ. ನಾನು ಮಾಡಿದ್ದು ಹೀಗೆ: ಯಾವುದಾದರೂ ಬಾಕ್ಸ್‌ನಲ್ಲಿ ಟೈಪ್ ಮಾಡುತ್ತಿದ್ದರೆ ಎಸ್ಕೇಪ್ ಅದನ್ನು ಅಳಿಸಲಿ, ಡೈಲಾಗ್ ತೆರೆದಿದ್ದರೆ ಅದನ್ನು ಮುಚ್ಚಲಿ, ಏನೂ ಇಲ್ಲದಾಗ ಮಾತ್ರ ಫುಲ್‌ಸ್ಕ್ರೀನ್‌ನಿಂದ ಹೊರಗೆ ತರಲಿ.

ಫುಲ್ ಆಗಿದೆಯಾ ಇಲ್ವಾ ಅಂತ ಒಂದು ವೇರಿಯಬಲ್‌ನಲ್ಲಿ ಇಟ್ಕೊಂಡಿದ್ದೀನಿ. ಸಾಲದಾ?

ಸಾಲದು. ಎಲ್ಲರೂ ಮಾಡುವ ತಪ್ಪು ಇದು, ನಾನೂ ಮಾಡಿದ್ದೇನೆ. ಫುಲ್‌ಸ್ಕ್ರೀನ್ ಆಗುವುದು ನಿಮ್ಮ ಬಟನ್‌ನಿಂದ ಮಾತ್ರ ಅಲ್ಲ. ಮ್ಯಾಕ್‌ನಲ್ಲಿ ಹಸಿರು ಗುಂಡಿ ಒತ್ತಬಹುದು. ಲಿನಕ್ಸ್‌ನಲ್ಲಿ ವಿಂಡೋ ಮ್ಯಾನೇಜರ್‌ನದ್ದೇ ಶಾರ್ಟ್‌ಕಟ್ ಇರಬಹುದು. ನಿಮ್ಮ ವೇರಿಯಬಲ್ "ಹೌದು" ಅನ್ನುತ್ತದೆ, ವಿಂಡೋ ನೋಡಿದರೆ "ಇಲ್ಲ" ಅನ್ನುತ್ತದೆ. ಆಮೇಲೆ ಬಟನ್ ಒಂದು ಸಲ ಒತ್ತಿದರೆ ಏನೂ ಆಗಲ್ಲ, ಎರಡನೇ ಸಲ ಒತ್ತಿದರೆ ಆಗುತ್ತದೆ. ಜನ ಅದಕ್ಕೂ ಹೊಂದಿಕೊಂಡು ಎರಡೆರಡು ಸಲ ಒತ್ತುತ್ತಾರೆ, ನಿಮಗೆ ಹೇಳೋದೂ ಇಲ್ಲ.

ವಿಂಡೋವನ್ನೇ ಕೇಳಿ. ಒತ್ತಿದಾಗ "ಈಗ ನೀನು ಫುಲ್ಲಾ?" ಅಂತ ಕೇಳಿ ಅದಕ್ಕೆ ಉಲ್ಟಾ ಮಾಡಿ. ಬಟನ್ ಮೇಲಿನ ಬರಹ, ಮೆನುವಿನ ಟಿಕ್ ಇವನ್ನು ಒತ್ತಿದ ಜಾಗದಲ್ಲಿ ಬದಲಿಸಬೇಡಿ. ವಿಂಡೋ ಬದಲಾಯಿತು ಅಂತ ಸುದ್ದಿ ಬಂದಾಗ ಬದಲಿಸಿ. ಕ್ಯೂಟಿಯಲ್ಲಿ ಚೇಂಜ್‌ಇವೆಂಟ್ ಒಳಗೆ ವಿಂಡೋಸ್ಟೇಟ್‌ಚೇಂಜ್ ನೋಡಿ. ಎಲೆಕ್ಟ್ರಾನ್‌ನಲ್ಲಿ ಎಂಟರ್ ಫುಲ್‌ಸ್ಕ್ರೀನ್, ಲೀವ್ ಫುಲ್‌ಸ್ಕ್ರೀನ್ ಅನ್ನುವ ಎರಡು ಇವೆಂಟ್ ಇವೆ. ಜಿಟಿಕೆ 4ರಲ್ಲಿ ಫುಲ್‌ಸ್ಕ್ರೀನ್ಡ್ ಅನ್ನುವ ಪ್ರಾಪರ್ಟಿ.

ಹೊರಗೆ ಬಂದಾಗ ವಿಂಡೋ ಚಿಕ್ಕದಾಗಿ ನಡುವಲ್ಲಿ ಬರ್ತದೆ. ಮೊದಲು ಮ್ಯಾಕ್ಸಿಮೈಸ್ ಆಗಿತ್ತು.

ಶೋನಾರ್ಮಲ್ ಬೇಡ ಅಂದಿದ್ದು ಇದಕ್ಕೇ. ಅದು ನಿಜಕ್ಕೂ ನಾರ್ಮಲ್ ಮಾಡುತ್ತದೆ, ಮ್ಯಾಕ್ಸಿಮೈಸ್ ಆಗಿದ್ದದ್ದನ್ನು ಮರೆತುಬಿಡುತ್ತದೆ. ಕ್ಯೂಟಿಯಲ್ಲಿ ವಿಂಡೋಸ್ಟೇಟ್ ತೆಗೆದುಕೊಂಡು ಅದರಲ್ಲಿ ವಿಂಡೋಫುಲ್‌ಸ್ಕ್ರೀನ್ ಅನ್ನುವ ಒಂದು ಬಿಟ್ ಅನ್ನು ಮಾತ್ರ ಎಕ್ಸ್‌ಓಆರ್ (XOR, ಇದ್ದರೆ ತೆಗೆಯೋದು, ಇಲ್ಲದಿದ್ದರೆ ಹಾಕೋದು) ಮಾಡಿ ವಾಪಸ್ ಕೊಡಿ. ಮ್ಯಾಕ್ಸಿಮೈಸ್‌ನ ಬಿಟ್ ಹಾಗೇ ಉಳಿದಿರುತ್ತದೆ. ಇದರಿಂದ ಟಾಗಲ್ ಪೂರ್ತಿ ಒಂದೇ ಸಾಲಿಗೆ ಬರುತ್ತದೆ ಅನ್ನೋದು ಬೋನಸ್.

ವಿನ್‌ಫಾರ್ಮ್ಸ್ ತರದವುಗಳಲ್ಲಿ ಒಳಗೆ ಹೋಗುವ ಮುಂಚೆ ಅಳತೆ, ಜಾಗ, ಅಂಚಿನ ರೀತಿ, ಮ್ಯಾಕ್ಸಿಮೈಸ್ ಆಗಿತ್ತಾ ಇಲ್ವಾ, ನಾಲ್ಕನ್ನೂ ನೀವೇ ಬರೆದಿಟ್ಟುಕೊಳ್ಳಬೇಕು.

ಟಿವಿಯಲ್ಲಿ ಬರಬೇಕು, ಆದರೆ ಮಾನಿಟರ್‌ನಲ್ಲೇ ಫುಲ್ ಆಗುತ್ತೆ.

ವಿಂಡೋ ಎಲ್ಲಿದೆಯೋ ಅಲ್ಲೇ ಫುಲ್ ಆಗುವುದು ರೂಢಿ. ಮೊದಲು ವಿಂಡೋವನ್ನು ಟಿವಿಗೆ ಕಳಿಸಬೇಕು, ಆಮೇಲೆ ಫುಲ್ ಮಾಡಬೇಕು. ಕೈಯಿಂದ ಮಾಡುವುದಾದರೆ ವಿಂಡೋಸ್ ಕೀ, ಶಿಫ್ಟ್, ಬಲಬಾಣ ಒಟ್ಟಿಗೆ ಒತ್ತಿದರೆ ಪಕ್ಕದ ಸ್ಕ್ರೀನ್‌ಗೆ ಹಾರುತ್ತದೆ. ಅದಕ್ಕೂ ಮುಂಚೆ ವಿಂಡೋಸ್ ಕೀ ಜೊತೆ ಪಿ ಒತ್ತಿ ಎಕ್ಸ್‌ಟೆಂಡ್ ಆಗಿದೆಯಾ ನೋಡಿ. ಡೂಪ್ಲಿಕೇಟ್ ಆಗಿದ್ದರೆ ಎರಡರಲ್ಲೂ ಒಂದೇ ಕಾಣುತ್ತದೆ, ನಿಮ್ಮ ಕೋಡ್ ಎಷ್ಟೇ ಚೆನ್ನಾಗಿದ್ದರೂ ಏನೂ ಮಾಡಲು ಆಗಲ್ಲ.

ನಾನು ಕೊನೆಗೆ ಎರಡು ವಿಂಡೋ ಮಾಡಿದೆ. ಬಿಲ್ ಬರೆಯುವ ವಿಂಡೋ ಮಾನಿಟರ್‌ನಲ್ಲಿ, ತೂಕ ತೋರಿಸುವ ವಿಂಡೋ ಟಿವಿಯಲ್ಲಿ ಫುಲ್. ಬಿಲ್‌ನ ರೇಟು, ಬಾಕಿ ಎಲ್ಲ ಟಿವಿಯಲ್ಲಿ ಬರುವುದು ಯಾರಿಗೂ ಬೇಕಿರಲಿಲ್ಲ. ಅಲ್ಲಿ ಬೇಕಾದದ್ದು ನಾಲ್ಕೇ: ಮಾಲು ಯಾವುದು, ಎಷ್ಟನೇ ಮೂಟೆ, ಈ ಮೂಟೆಯ ತೂಕ, ಒಟ್ಟು. ಇದನ್ನು ಮೊದಲೇ ಕೇಳಿದ್ದರೆ ಒಂದು ವಾರ ಉಳಿಯುತ್ತಿತ್ತು.

ಎಚ್‌ಡಿಎಂಐ ಕೇಬಲ್ ಕಿತ್ತರೆ ಏನಾಗುತ್ತೆ ಅನ್ನೋದನ್ನೂ ನೋಡಿಕೊಳ್ಳಿ. ಕಿತ್ತು ಬಂದೇ ಬರುತ್ತದೆ, ಕಸ ಗುಡಿಸುವವರ ಪೊರಕೆಗೆ ಸಿಕ್ಕಾದರೂ. ಸ್ಕ್ರೀನ್ ತೆಗೆದರೂ ಸೇರಿಸಿದರೂ ನಿಮ್ಮ ಆ್ಯಪ್‌ಗೆ ಸುದ್ದಿ ಬರುತ್ತದೆ. ಟಿವಿ ಹೋದರೆ ತೂಕದ ವಿಂಡೋವನ್ನು ಫುಲ್‌ಸ್ಕ್ರೀನ್‌ನಿಂದ ಹೊರಗೆ ತನ್ನಿ. ಇಲ್ಲದಿದ್ದರೆ ಅದು ಬಂದು ಬಿಲ್ ಮೇಲೆಯೇ ಅಂಗಾತ ಮಲಗುತ್ತದೆ. ಹಾಗೆಯೇ, ಮುಚ್ಚುವಾಗ ಉಳಿಸಿಟ್ಟ ಜಾಗ ಮತ್ತೆ ತೆರೆಯುವಾಗ ಇರುವ ಯಾವ ಸ್ಕ್ರೀನ್‌ನೊಳಗೂ ಬೀಳದಿದ್ದರೆ ಮುಖ್ಯ ಸ್ಕ್ರೀನ್‌ಗೆ ಎಳೆದು ತನ್ನಿ.

ಟಿವಿಯ ಅಂಚಲ್ಲಿ ಸಂಖ್ಯೆ ಕತ್ತರಿಸಿ ಹೋಗ್ತಿದೆ.

ಅದು ನಿಮ್ಮ ಕೋಡ್ ಅಲ್ಲ, ಟಿವಿ. ಓವರ್‌ಸ್ಕ್ಯಾನ್ ಅಂತಾರೆ. ಹಳೇ ಕಾಲದ ಟಿವಿ ಪ್ರಸಾರಕ್ಕಾಗಿ ಇದ್ದ ರೂಢಿ, ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಹೊರಗೆ ತಳ್ಳುವುದು. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, ಫುಲ್ ಪಿಕ್ಸೆಲ್ ಈ ತರ ಏನಾದರೂ ಹೆಸರಲ್ಲಿ ಇರುತ್ತದೆ, ಹಾಕಿ. ರಿಮೋಟ್ ಕಳೆದುಹೋಗಿದ್ದರೆ (ಸಾಮಾನ್ಯವಾಗಿ ಕಳೆದುಹೋಗಿರುತ್ತದೆ) ನಿಮ್ಮ ಲೇಔಟ್‌ನಲ್ಲೇ ನಾಲ್ಕೂ ಕಡೆ ಶೇಕಡಾ 5ರಷ್ಟು ಜಾಗ ಖಾಲಿ ಬಿಡಿ.

ಫುಲ್‌ಸ್ಕ್ರೀನ್ ಮಾಡಿದ್ರೂ ಅಕ್ಷರ ದೊಡ್ಡದಾಗಲಿಲ್ಲ. ಸುತ್ತ ಖಾಲಿ ಜಾಗ ಮಾತ್ರ ಜಾಸ್ತಿ ಆಯ್ತು.

ಕೇಳಿದವರು ಫುಲ್‌ಸ್ಕ್ರೀನ್ ಅಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು "ದೊಡ್ಡದಾಗಿ ಕಾಣಬೇಕು" ಅಂತ. ಕಂಪ್ಯೂಟರ್ ಕೊಡುವುದು ಜಾಗ ಮಾತ್ರ. ಆ ಜಾಗದಲ್ಲಿ ಅಕ್ಷರ ಹಿಗ್ಗಿಸುವುದು ನಿಮ್ಮ ಕೆಲಸ.

ವಿಂಡೋದ ಎತ್ತರದಿಂದ ಅಕ್ಷರದ ಅಳತೆ ಲೆಕ್ಕ ಹಾಕಿ. ತೂಕದ ಸಂಖ್ಯೆಗೆ ಎತ್ತರದ ಮೂರನೇ ಒಂದು ಭಾಗ ಕೊಟ್ಟೆ, ಉಳಿದದ್ದಕ್ಕೆ ಹತ್ತನೇ ಒಂದು. ವಿಂಡೋದ ಅಳತೆ ಬದಲಾದಾಗೆಲ್ಲ ಈ ಲೆಕ್ಕ ಮತ್ತೆ ನಡೆಯಬೇಕು. ಅಂಗಡಿಯ ಬಾಗಿಲ ಹತ್ತಿರ ನಿಂತು ಓದಿ ನೋಡಿ. ನಿಮ್ಮ ಕುರ್ಚಿಯಲ್ಲಿ ಕೂತು ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಚುಕ್ಕಿ ಕೂಡ ಕಾಣಬೇಕು: 50.2 ಅನ್ನುವುದು ದೂರದಿಂದ 502 ಅಂತ ಕಂಡರೆ ಜಗಳ ಗ್ಯಾರಂಟಿ.

ಕನ್ನಡ ಅಕ್ಷರಕ್ಕೆ ಇನ್ನೊಂದು ಕಾಳಜಿ ಬೇಕು. ಸಾಲಿನ ಎತ್ತರವನ್ನು ಬಿಗಿಯಾಗಿ ಇಟ್ಟರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ನನ್ನ ಮೊದಲ ಟಿವಿ ಸ್ಕ್ರೀನ್‌ನಲ್ಲಿ "ರೋಬಸ್ಟಾ ಚೆರಿ" ಅಂತ ಇದ್ದದ್ದರಲ್ಲಿ ಟ ಒತ್ತು ಹಾರಿಹೋಗಿ "ರೋಬಸಾ" ಅಂತ ಕಾಣುತ್ತಿತ್ತು. ಅಲ್ಲಿದ್ದ ಹಿರಿಯರೊಬ್ಬರು "ಇದ್ಯಾವ ಹೊಸ ತಳಿ ಮಾರಾಯ, ಬಾಳೆಹೊನ್ನೂರಿಂದ ಬಿಟ್ರಾ?" ಅಂತ ಕೇಳಿದರು. ಬಾಳೆಹೊನ್ನೂರಿನಲ್ಲಿ ಇರುವುದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಎಲ್ಲರೂ ನಕ್ಕರು, ನಾನು ಲೇಬಲ್‌ನ ಎತ್ತರ ಜಾಸ್ತಿ ಮಾಡಿದೆ.

ಕೆಲಸ ಮಾಡ್ತಾ ಇದ್ದದ್ದು ಇದ್ದಕ್ಕಿದ್ದ ಹಾಗೆ ಹ್ಯಾಂಗ್ ಆಗುತ್ತೆ. ಫುಲ್‌ಸ್ಕ್ರೀನ್‌ನಲ್ಲಿ ಮಾತ್ರ.

ಹ್ಯಾಂಗ್ ಅಲ್ಲ. "ಉಳಿಸಬೇಕಾ?" ಅಂತಲೋ "ಪ್ರಿಂಟರ್ ಸಿಗ್ತಿಲ್ಲ" ಅಂತಲೋ ಒಂದು ಡೈಲಾಗ್ ನಿಮ್ಮ ದೊಡ್ಡ ವಿಂಡೋದ ಹಿಂದೆ ತೆರೆದು ಕೂತಿರುತ್ತದೆ. ಅದಕ್ಕೆ ಉತ್ತರ ಕೊಡುವ ತನಕ ಮುಂದಿನ ವಿಂಡೋ ಯಾವ ಒತ್ತಿಗೂ ಬಗ್ಗಲ್ಲ. ಡೈಲಾಗ್ ತೆರೆಯುವಾಗ ಅದರ ಪೇರೆಂಟ್ ಯಾರು, ಅಂದರೆ ಅದು ಯಾವ ವಿಂಡೋಗೆ ಸೇರಿದ್ದು ಅಂತ ಹೇಳಿ. ಕ್ಯೂಟಿಯಲ್ಲಿ ಮೊದಲ ಆರ್ಗ್ಯುಮೆಂಟ್‌ನಲ್ಲಿ ನನ್ (None) ಅಂತ ಬಿಡುವ ಸೋಮಾರಿತನ ಬಿಡಿ, ಸೆಲ್ಫ್ ಕೊಡಿ. ಟಿಕೆಇಂಟರ್‌ನಲ್ಲಿ ಪೇರೆಂಟ್ ಕೊಡಿ. ವಿನ್‌ಫಾರ್ಮ್ಸ್‌ನಲ್ಲಿ ಶೋಡೈಲಾಗ್ ಒಳಗೆ ದಿಸ್ ಕೊಡಿ. ಎಲೆಕ್ಟ್ರಾನ್‌ನಲ್ಲೂ ಮೆಸೇಜ್ ಬಾಕ್ಸ್‌ಗೆ ಮೊದಲು ವಿಂಡೋ ಕೊಡಬಹುದು.

ಹತ್ತು ನಿಮಿಷ ಮುಟ್ಟದಿದ್ದರೆ ಟಿವಿ ಕಪ್ಪಾಗುತ್ತೆ.

ಫುಲ್‌ಸ್ಕ್ರೀನ್ ಅಂದಮಾತ್ರಕ್ಕೆ ಸ್ಕ್ರೀನ್ ಎಚ್ಚರವಾಗಿ ಇರಲ್ಲ. ವಿಡಿಯೋ ಪ್ಲೇಯರ್‌ಗಳು ಅದನ್ನು ಬೇರೆಯಾಗಿ ಕೇಳಿಕೊಳ್ಳುತ್ತವೆ. ನೀವೂ ಕೇಳಬೇಕು. ವಿಂಡೋಸ್‌ನಲ್ಲಿ ಸೆಟ್‌ಥ್ರೆಡ್‌ಎಕ್ಸಿಕ್ಯೂಷನ್‌ಸ್ಟೇಟ್, ಎಲೆಕ್ಟ್ರಾನ್‌ನಲ್ಲಿ ಪವರ್‌ಸೇವ್‌ಬ್ಲಾಕರ್. ಫುಲ್‌ಸ್ಕ್ರೀನ್‌ನಿಂದ ಹೊರಗೆ ಬಂದಾಗ ಅದನ್ನು ವಾಪಸ್ ತೆಗೆಯೋದು ಮರೆಯಬೇಡಿ, ರಾತ್ರಿಯಿಡೀ ಟಿವಿ ಉರಿಯುತ್ತಿರುತ್ತದೆ.

ಮ್ಯಾಕ್‌ನಲ್ಲಿ ವಿಚಿತ್ರವಾಗಿ ಆಡುತ್ತೆ.

ನಮ್ಮ ಕಡೆ ಕಾಫಿ ಅಂಗಡಿಯಲ್ಲಿ ಮ್ಯಾಕ್ ಕಂಡದ್ದು ಕಮ್ಮಿ, ಹೋಮ್‌ಸ್ಟೇ ನಡೆಸುವವರ ಹತ್ತಿರ ಇರುತ್ತದೆ. ಅಲ್ಲಿ ಫುಲ್‌ಸ್ಕ್ರೀನ್ ಅನ್ನುವುದು 2011ರ ಲಯನ್‌ನಿಂದ ಬೇರೆಯದೇ ವ್ಯವಸ್ಥೆ. ವಿಂಡೋ ತನ್ನದೇ ಒಂದು ಸ್ಪೇಸ್‌ಗೆ, ಅಂದರೆ ಬೇರೆಯದೇ ಡೆಸ್ಕ್‌ಟಾಪ್‌ಗೆ, ಜಾರಿಕೊಂಡು ಹೋಗುತ್ತದೆ. ಹಸಿರು ಗುಂಡಿಗೆ ಆ ಕೆಲಸ ಬಂದದ್ದು 2014ರ ಯೊಸೆಮಿಟಿಯಲ್ಲಿ. ಆ ಜಾರುವಿಕೆಗೆ ಒಂದು ಕ್ಷಣ ಬೇಕು. ನೀವು ಆಜ್ಞೆ ಕೊಟ್ಟ ಮುಂದಿನ ಸಾಲಿನಲ್ಲೇ "ಫುಲ್ ಆಯ್ತಾ?" ಅಂತ ಕೇಳಿದರೆ "ಇಲ್ಲ" ಅನ್ನಬಹುದು. ಇವೆಂಟ್ ಬರುವ ತನಕ ಕಾಯಿರಿ. ಈ ಜಾರಾಟ ಬೇಡವೇ ಬೇಡ ಅಂದರೆ ಎಲೆಕ್ಟ್ರಾನ್‌ನಲ್ಲಿ ಸೆಟ್‌ಸಿಂಪಲ್‌ಫುಲ್‌ಸ್ಕ್ರೀನ್ ಇದೆ, ಲಯನ್‌ಗೆ ಮುಂಚಿನ ಹಳೇ ಶೈಲಿಯದು.

ಲಿನಕ್ಸ್?

ಲಿನಕ್ಸ್‌ನಲ್ಲಿ ಸ್ಕ್ರೀನ್ ಮೇಲೆ ವಿಂಡೋ ತೋರಿಸುವ ವ್ಯವಸ್ಥೆ ಎರಡು: ಎಕ್ಸ್ 11, ವೇಲ್ಯಾಂಡ್. ಯಾವುದೇ ಇರಲಿ, ಅಲ್ಲಿ ಫುಲ್‌ಸ್ಕ್ರೀನ್ ಅನ್ನುವುದು ಅರ್ಜಿ. ಕೊಡುವುದು ಬಿಡುವುದು ವಿಂಡೋ ಮ್ಯಾನೇಜರ್ ಕೈಲಿ. ವೇಲ್ಯಾಂಡ್‌ನಲ್ಲಿ ವಿಂಡೋವನ್ನು ಇಂಥ ಜಾಗದಲ್ಲಿ ಇಡು ಅಂತ ಆ್ಯಪ್ ಹೇಳುವ ಹಾಗೇ ಇಲ್ಲ, ಹಾಗಾಗಿ "ಮೊದಲು ಟಿವಿಗೆ ಸರಿಸಿ ಆಮೇಲೆ ಫುಲ್ ಮಾಡು" ಅನ್ನುವ ಉಪಾಯ ನಡೆಯಲ್ಲ. ಫುಲ್‌ಸ್ಕ್ರೀನ್ ಕೇಳುವಾಗಲೇ ಯಾವ ಸ್ಕ್ರೀನ್ ಅಂತ ಸೇರಿಸಿ ಕೇಳಬೇಕು.

ಎಚ್‌ಟಿಎಂಎಲ್‌ನಲ್ಲೇ ರಿಕ್ವೆಸ್ಟ್‌ಫುಲ್‌ಸ್ಕ್ರೀನ್ ಇದೆಯಲ್ಲ, ಎಲೆಕ್ಟ್ರಾನ್‌ನಲ್ಲಿ ಅದನ್ನೇ ಬಳಸಲಾ?

ಒಂದು ಚಿತ್ರವನ್ನೋ ವಿಡಿಯೋವನ್ನೋ ಫುಲ್ ಮಾಡಲು ಬಳಸಿ. ಇಡೀ ಆ್ಯಪ್‌ಗೆ ಬೇಡ. ಅದಕ್ಕೆ ಬಳಸುವವರ ಕ್ಲಿಕ್ ಅಥವಾ ಕೀ ಒತ್ತು ಬೇಕು, ತಾನಾಗಿ ಶುರು ಆಗಲ್ಲ, ಎಸ್ಕೇಪ್ ಒತ್ತಿದರೆ ಹೊರಗೆ ಬಂದೇ ಬರುತ್ತದೆ. ಎರಡನ್ನೂ ಬೆರೆಸಿದರೆ ಯಾವುದು ಒಳಗಿದೆ ಯಾವುದು ಹೊರಗಿದೆ ಅಂತ ನಿಮಗೇ ತಿಳಿಯಲ್ಲ.

ಗೇಮ್‌ಗಳಲ್ಲಿ ಎರಡು ತರ ಫುಲ್‌ಸ್ಕ್ರೀನ್ ಇರುತ್ತಲ್ಲ?

ಹೌದು. ಒಂದು ಸ್ಕ್ರೀನ್‌ನ ರೆಸಲ್ಯೂಷನ್ ಅನ್ನೇ ಬದಲಿಸುತ್ತದೆ, ಇನ್ನೊಂದು ಡೆಸ್ಕ್‌ಟಾಪ್‌ನ ಅಳತೆಗೇ ಅಂಚಿಲ್ಲದ ವಿಂಡೋ ಹಾಸುತ್ತದೆ. ಗೇಮ್ ಬರೆಯುವವರು ಬಳಸುವ ಎಸ್‌ಡಿಎಲ್ 2 ಲೈಬ್ರರಿಯಲ್ಲಿ ಎರಡಕ್ಕೂ ಬೇರೆ ಬೇರೆ ಫ್ಲ್ಯಾಗ್ ಇದೆ. ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಎರಡನೆಯದೇ ಸಾಕು.

ತೆರೆದ ಕೂಡಲೇ ಫುಲ್‌ಸ್ಕ್ರೀನ್ ಬರಲಿ ಅಂತಾರೆ. ಮಾಡ್ಲಾ?

ಟಿವಿಯ ವಿಂಡೋಗೆ ಮಾಡಿ. ಬಿಲ್‌ನ ವಿಂಡೋಗೆ ಬೇಡ ಅನ್ನುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಬೆಳಿಗ್ಗೆ ಕಂಪ್ಯೂಟರ್ ಹಾಕಿ, ಟಾಸ್ಕ್‌ಬಾರ್ ಕಾಣದೆ, ಏನೋ ಹಾಳಾಗಿದೆ ಅಂದುಕೊಳ್ಳುತ್ತಾರೆ. ಕ್ಯೂಟಿಯ ಸೇವ್‌ಜ್ಯಾಮೆಟ್ರಿ ಫುಲ್‌ಸ್ಕ್ರೀನ್ ಸ್ಥಿತಿಯನ್ನೂ ಸೇರಿಸಿ ಉಳಿಸುತ್ತದೆ, ಹಾಗಾಗಿ ನೀವು ಕೇಳದಿದ್ದರೂ ಹೀಗೆ ಆಗಬಹುದು. ಮುಚ್ಚುವಾಗ ಮೊದಲು ಫುಲ್‌ಸ್ಕ್ರೀನ್ ತೆಗೆದು ಆಮೇಲೆ ಉಳಿಸಿ.

ಹುಡುಗರು ಯೂಟ್ಯೂಬ್ ನೋಡ್ತಾರೆ, ಫುಲ್‌ಸ್ಕ್ರೀನ್‌ನಿಂದ ಹೊರಗೆ ಬರೋಕೇ ಆಗದ ಹಾಗೆ ಮಾಡಿ ಅಂತಾರೆ ಸಾಹುಕಾರರು.

ಫುಲ್‌ಸ್ಕ್ರೀನ್ ಬೀಗ ಅಲ್ಲ. ಆಲ್ಟ್ ಟ್ಯಾಬ್, ವಿಂಡೋಸ್ ಕೀ ಎಲ್ಲ ಹಾಗೇ ಕೆಲಸ ಮಾಡುತ್ತವೆ. ನಿಜವಾಗಿ ಬೀಗ ಬೇಕಿದ್ದರೆ ವಿಂಡೋಸ್‌ನ ಕಿಯೋಸ್ಕ್ ವ್ಯವಸ್ಥೆ (ಆಯ್ದ ಆ್ಯಪ್ ಮಾತ್ರ ಓಡಲು ಬಿಡುವುದು) ಇದೆ, ಅದನ್ನು ಕಂಪ್ಯೂಟರ್‌ನಲ್ಲೇ ಹಾಕಬೇಕು, ಆ್ಯಪ್‌ನಲ್ಲಿ ಅಲ್ಲ. ನಾನಂತೂ ಇಂಥದ್ದಕ್ಕೆ ಕೈ ಹಾಕಲ್ಲ. ಯೂಟ್ಯೂಬ್ ಬೇಕಾದವರ ಜೇಬಿನಲ್ಲಿ ಮೊಬೈಲ್ ಇದೆ.

ಮೆನುವಿನಲ್ಲಿ ಕನ್ನಡದಲ್ಲಿ ಏನಂತ ಬರೀಲಿ?

ನಾನು ಮೊದಲು "ಪೂರ್ಣ ಪರದೆ" ಅಂತ ಬರೆದೆ. ತೂಕದ ಹುಡುಗ ನೋಡಿ "ಪರದೆ ಅಂದ್ರೆ ಕರ್ಟನ್ ಅಲ್ವಾ ಸಾರ್?" ಅಂದ. ಈಗ "ಫುಲ್ ಸ್ಕ್ರೀನ್ ಮಾಡಿ" ಅಂತಲೂ, ಒಳಗೆ ಹೋದ ಮೇಲೆ "ಚಿಕ್ಕದು ಮಾಡಿ" ಅಂತಲೂ ಇದೆ. ಯಾರೂ ಏನೂ ಕೇಳಿಲ್ಲ. ಒಂದು ವಿಷಯ: ಬರಹ ಬದಲಿಸುತ್ತೀರಾದರೆ ಪಕ್ಕದಲ್ಲಿ ಟಿಕ್ ಇಡಬೇಡಿ. "ಚಿಕ್ಕದು ಮಾಡಿ" ಅಂತ ಬರೆದು ಟಿಕ್ ಹಾಕಿದರೆ ಈಗ ಚಿಕ್ಕದಾಗಿದೆ ಅಂತಲಾ, ಮಾಡಬೇಕು ಅಂತಲಾ?

ಕೊಡುವ ಮುಂಚೆ ಏನೇನು ಟೆಸ್ಟ್ ಮಾಡ್ತೀರಿ?

ಮ್ಯಾಕ್ಸಿಮೈಸ್ ಮಾಡಿ ಒಳಗೆ ಹೋಗಿ ಹೊರಗೆ ಬರುತ್ತೇನೆ. ಮ್ಯಾಕ್ಸಿಮೈಸ್ ಮಾಡದೆಯೂ ಅದೇ. ಎಫ್ 11 ಅನ್ನು ಕೋಪ ಬಂದವರ ಹಾಗೆ ಹತ್ತು ಸಲ ಒತ್ತುತ್ತೇನೆ. ಒಳಗಿದ್ದಾಗ ಪ್ರಿಂಟರ್ ಆಫ್ ಮಾಡಿ ಪ್ರಿಂಟ್ ಕೊಡುತ್ತೇನೆ, ಡೈಲಾಗ್ ಮುಂದೆ ಬರುತ್ತಾ ನೋಡಲು. ಕೇಬಲ್ ಕೀಳುತ್ತೇನೆ, ಹಾಕುತ್ತೇನೆ. ವಿಂಡೋಸ್‌ನಲ್ಲಿ ಸ್ಕೇಲಿಂಗ್ ಶೇಕಡಾ 125, 150 ಮಾಡಿ ನೋಡುತ್ತೇನೆ. ಆಮೇಲೆ ಕೀಬೋರ್ಡ್ ತೆಗೆದಿಟ್ಟು ಬರೀ ಮೌಸ್‌ನಲ್ಲಿ, ಮೌಸ್ ತೆಗೆದಿಟ್ಟು ಬರೀ ಕೀಬೋರ್ಡ್‌ನಲ್ಲಿ ಹೊರಗೆ ಬರುತ್ತೇನೆ. ಕೊನೆಗೆ ನಮ್ಮ ಅಮ್ಮನನ್ನು ಕೂರಿಸಿ, ಏನೂ ಹೇಳದೆ, "ಇದನ್ನು ಚಿಕ್ಕದು ಮಾಡಮ್ಮ" ಅನ್ನುತ್ತೇನೆ.

ಈ ಫುಲ್‌ಸ್ಕ್ರೀನ್ ಕೆಲಸಕ್ಕೆ ಎಷ್ಟು ತಗೊಂಡ್ರಿ?

ಅರ್ಧ ಗಂಟೆ ಕೆಲಸ ಅಂತ ನಾನೇ ಹೇಳಿದ್ದೆನಲ್ಲ, ಇನ್ನೇನು ಕೇಳಲಿ? ಸೀಸನ್ ಮುಗಿದ ಮೇಲೆ ಎರಡು ಕೆಜಿ ಕಾಫಿ ಪುಡಿ ಕೊಟ್ಟು ಕಳಿಸಿದರು. ಚಿಕೋರಿ ಹಾಕದ್ದು.